ಕಾರಿಗೆ ವೇಗ ಗೊತ್ತಿಲ್ಲ, ಹಲ್ಲು ಎಣಿಸೋದು ಮಾತ್ರ ಗೊತ್ತು

ಸರಿಯಾಗಿ ಓಡುತ್ತಿದ್ದ ಕಾರಿನಲ್ಲಿ ಸ್ಪೀಡೋಮೀಟರ್ ಮುಳ್ಳು ಒಮ್ಮೆಲೇ ಸೊನ್ನೆಗೆ ಬಿತ್ತು. ಎಂಜಿನ್ ಸದ್ದು ಹಾಗೇ ಇದೆ, ಗಾಡಿ ಹೋಗುತ್ತಲೇ ಇದೆ, ಮೀಟರ್ ಮಾತ್ರ ನಿಂತಿದ್ದೀವಿ ಅನ್ನುತ್ತಿದೆ. ಮೊದಲು ತೋರಿಸಿದ ಗ್ಯಾರೇಜಿನಲ್ಲಿ ‘ಮೀಟರ್ ಹೋಗಿದೆ, ಪೂರ್ತಿ ಸೆಟ್ಟೇ ಹಾಕಬೇಕು’ ಎಂದರು. ನನಗೆ ರೇಗಿತು. ಪೇಪರಿನಲ್ಲಿ ಸುದ್ದಿ ಬರಲಿಲ್ಲ ಅಂತ ಅಚ್ಚಿನ ಯಂತ್ರ ಬದಲಾಯಿಸಿದ ಹಾಗಾಯಿತು ಇದು. ಸುದ್ದಿ ತರಬೇಕಾದವನು ಎಲ್ಲಿ ಹೋದ ಅಂತ ಮೊದಲು ಕೇಳಬೇಕು, ಅಲ್ವಾ?

ಸುಳಿವು ಕಣ್ಣೆದುರೇ ಇತ್ತು. ಮುಳ್ಳಿನ ಜೊತೆಗೇ ಕಿಲೋಮೀಟರ್ ಅಂಕಿಯೂ ನಿಂತಿತ್ತು. ಎರಡೂ ಒಟ್ಟಿಗೆ ನಿಂತರೆ ಸಾಮಾನ್ಯವಾಗಿ ತಪ್ಪು ಮೀಟರಿಗೆ ವೇಗದ ಸುದ್ದಿ ತರುವ ಸೆನ್ಸರಿನದು, ಇಲ್ಲವೇ ಅದರ ವೈರಿನದು. ಅಂಕಿ ಏರುತ್ತಾ ಇದ್ದು ಮುಳ್ಳು ಮಾತ್ರ ಸತ್ತಿದ್ದರೆ ಆಗ ಮೀಟರಿನ ಮೇಲೆ ಅನುಮಾನ ಪಡಬಹುದು.

ಜನ ಮರೆಯುವ ಸಂಗತಿ ಒಂದಿದೆ. ಕಾರಿಗೆ ವೇಗ ಅಂದರೆ ಏನೆಂದೇ ಗೊತ್ತಿಲ್ಲ. ಅದು ರಸ್ತೆ ನೋಡುವುದಿಲ್ಲ. ತಿರುಗುವ ಚಕ್ರವೊಂದರ ಹಲ್ಲುಗಳನ್ನು ಸುಮ್ನೆ ಎಣಿಸುತ್ತದೆ, ಅಷ್ಟೇ. ಇದೇನೂ ಹೊಸ ಉಪಾಯವಲ್ಲ. ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಒಂದು ಗಾಡಿಯನ್ನು ವಿವರಿಸಿದ್ದಾನೆ. ನಾಲ್ಕು ಅಡಿ ವ್ಯಾಸದ ಗಾಲಿ ಒಂದು ಸುತ್ತು ಬಂದರೆ 400 ಹಲ್ಲಿನ ಚಕ್ರವೊಂದು ಒಂದು ಹಲ್ಲು ಮುಂದಕ್ಕೆ ಸರಿಯುತ್ತದೆ. 400 ಸುತ್ತಿಗೆ ಒಂದು ರೋಮನ್ ಮೈಲಿ, ಆಗ ಒಂದು ಕಲ್ಲು ಟಣ್ ಅಂತ ಪಾತ್ರೆಗೆ ಬೀಳುತ್ತದೆ. ಊರು ಸೇರಿದ ಮೇಲೆ ಕಲ್ಲು ಎಣಿಸಿದರೆ ದೂರ ಸಿಕ್ಕಿತು. ಅದಕ್ಕೆ ಒಂದು ಗಡಿಯಾರ ಸೇರಿಸಿದರೆ ವೇಗವೂ ಸಿಗುತ್ತದೆ. ನಿಮ್ಮ ಕಾರು ಮಾಡುತ್ತಿರುವುದೂ ಅದನ್ನೇ.

ನಡುವೆ ಬೇರೊಂದು ದಾರಿಯೂ ಇತ್ತು. 1902ರಲ್ಲಿ ಜರ್ಮನಿಯ ಓಟ್ಟೋ ಶುಲ್ಟ್ಸೆ ಪೇಟೆಂಟ್ ಪಡೆದ ಮೀಟರ್ ಎಣಿಸುತ್ತಲೇ ಇರಲಿಲ್ಲ. ಕೇಬಲ್ ತುದಿಯಲ್ಲಿ ಒಂದು ಅಯಸ್ಕಾಂತ ತಿರುಗುತ್ತದೆ, ಪಕ್ಕದ ಲೋಹದ ಬಟ್ಟಲನ್ನು ಮುಟ್ಟದೆಯೇ ತನ್ನ ಜೊತೆ ಎಳೆಯುತ್ತದೆ, ಸಣ್ಣ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಜಗ್ಗುತ್ತದೆ. ಎರಡೂ ಸಮ ಆದಲ್ಲಿ ಮುಳ್ಳು ನಿಲ್ಲುತ್ತದೆ. ಹಳೇ ಕಾರುಗಳಲ್ಲಿ ಮುಳ್ಳು ಗಡಗಡ ಕುಣಿಯುತ್ತಿತ್ತಲ್ಲ, ಅದು ಹೆಚ್ಚಾಗಿ ಒಣಗಿದ ಕೇಬಲ್ಲಿನ ಕಾಟ.

ಈಗ ನನ್ನ ಇಷ್ಟದ ಭಾಗಕ್ಕೆ ಬರೋಣ. ಸೆನ್ಸರ್ ಹಲ್ಲನ್ನು ಮುಟ್ಟುವುದಿಲ್ಲ, ಮತ್ತೆ ಎಣಿಸೋದು ಹೇಗೆ? ಹಳೆಯ ಬಗೆಯದರಲ್ಲಿ ಅಯಸ್ಕಾಂತದ ಸುತ್ತ ತಂತಿಯ ಸುರುಳಿ ಇರುತ್ತದೆ. ಕಬ್ಬಿಣದ ಹಲ್ಲು ಹತ್ತಿರ ಬಂದರೆ ಕಾಂತಬಲ ಹೆಚ್ಚುತ್ತದೆ, ದೂರ ಹೋದರೆ ಕುಗ್ಗುತ್ತದೆ. ಆ ಏರಿಳಿತಕ್ಕೆ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ವಿಜ್ಞಾನಿ ಫ್ಯಾರಡೆ 1831ರಲ್ಲಿ ಕಂಡದ್ದು ಇದೇ. ಬಾಚಣಿಗೆಯ ಹಲ್ಲುಗಳ ಮೇಲೆ ಉಗುರು ಎಳೆದು ನೋಡಿ, ಮೆಲ್ಲಗೆ ಎಳೆದರೆ ಟಕ್ ಟಕ್, ಜೋರಾಗಿ ಎಳೆದರೆ ಝರ್ರ್. ವೇಗ ಹೆಚ್ಚಿದಂತೆ ಸ್ವರ ಏರುತ್ತದೆ. 60 ಸೆಂಟಿಮೀಟರ್ ವ್ಯಾಸದ ಟೈರು, ಅದರ ಜೊತೆ ತಿರುಗುವ 48 ಹಲ್ಲಿನ ಚಕ್ರ ಅಂತ ಇಟ್ಟುಕೊಂಡರೆ, ಗಂಟೆಗೆ 62 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 440 ಹಲ್ಲು ದಾಟುತ್ತವೆ. ಪಾಶ್ಚಾತ್ಯ ಸಂಗೀತಗಾರರು ಶ್ರುತಿ ಹೊಂದಿಸಿಕೊಳ್ಳುವ ಸ್ವರದ ಕಂಪನವೂ 440! ಅಂದರೆ ಕಾರಿನ ಕಂಪ್ಯೂಟರ್ ಒಂದು ರಾಗ ಕೇಳುತ್ತಾ ಕೂತಿದೆ ಅನ್ನಿ.

ಈ ಸುರುಳಿಗೆ ಒಂದು ದೌರ್ಬಲ್ಯ ಇದೆ. ಚಕ್ರ ನಿಧಾನ ಆದರೆ ಸ್ವರ ಇಳಿಯುವುದಷ್ಟೇ ಅಲ್ಲ, ದನಿಯೂ ಸಣ್ಣದಾಗುತ್ತದೆ, ಕೊನೆಗೆ ಕೇಳಿಸುವುದೇ ಇಲ್ಲ. ಅದಕ್ಕೇ ಹಾಲ್ ಸೆನ್ಸರ್ ಬಂತು. ಅಮೆರಿಕದ ಭೌತವಿಜ್ಞಾನಿ ಎಡ್ವಿನ್ ಹಾಲ್ ಇದರ ತತ್ವ ಕಂಡದ್ದು 1879ರಲ್ಲಿ. ಎಲೆಕ್ಟ್ರಾನ್ ಪತ್ತೆಯಾದದ್ದು 1897ರಲ್ಲಿ! ವಿದ್ಯುತ್ತಿನಲ್ಲಿ ಏನು ಹರಿಯುತ್ತಿದೆ ಅಂತ ಯಾರಿಗೂ ತಿಳಿಯದಿದ್ದಾಗಲೇ, ಹರಿಯುವುದು ಅಯಸ್ಕಾಂತದ ಎದುರು ಒಂದು ಪಕ್ಕಕ್ಕೆ ಸರಿಯುತ್ತದೆ ಎಂದು ಆತ ಅಳೆದುಬಿಟ್ಟ. ಉದ್ದನೆಯ ಓಣಿಯಲ್ಲಿ ಜನ ನಡೆಯುವಾಗ ಅಡ್ಡಗಾಳಿ ಬೀಸಿ ಎಲ್ಲರನ್ನೂ ಒಂದೇ ಗೋಡೆಗೆ ತಳ್ಳಿದ ಹಾಗೆ. ಆ ಗೋಡೆಯ ಬಳಿ ನೂಕುನುಗ್ಗಲು, ಎದುರು ಗೋಡೆಯ ಬಳಿ ಖಾಲಿ. ಆ ವ್ಯತ್ಯಾಸವೇ ವೋಲ್ಟೇಜ್. ಇದಕ್ಕೆ ಹಲ್ಲು ಎಷ್ಟು ಬೇಗ ಹೋಯಿತು ಅನ್ನುವುದು ಬೇಕಿಲ್ಲ, ಎದುರಿಗೆ ಇದೆಯೋ ಇಲ್ಲವೋ ಅಷ್ಟೇ ಸಾಕು.

ಬದಲಾಯಿಸುವ ಕೆಲಸ ಇಷ್ಟು ಹೇಳಿದ ಮೇಲೆ ತೀರಾ ಸಪ್ಪೆ. ಗೇರ್‌ಬಾಕ್ಸ್ ಮೇಲಿರುವ ಸೆನ್ಸರ್ ಆದರೆ ಗಾಡಿ ತಣ್ಣಗಾಗಲಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕನೆಕ್ಟರ್ ಕೀಳಿ. ಅಲ್ಲೇ ಒಂದು ನಿಮಿಷ ನಿಲ್ಲಿ. ಪಿನ್ನುಗಳಲ್ಲಿ ಹಸಿರು ಕಿಲುಬು ಇದೆಯಾ, ವೈರ್ ತುಂಡಾಗಿದೆಯಾ? ಎಷ್ಟೋ ಸಲ ಕಾಯಿಲೆ ಅಲ್ಲೇ ಮುಗಿಯುತ್ತದೆ. ಇಲ್ಲದಿದ್ದರೆ ಬೋಲ್ಟ್ ಬಿಚ್ಚಿ, ಸೆನ್ಸರನ್ನು ಅತ್ತಿತ್ತ ತಿರುಗಿಸುತ್ತಾ ಎಳೆಯಿರಿ. ಸ್ವಲ್ಪ ಎಣ್ಣೆ ಸೋರಬಹುದು, ಕೆಳಗೆ ಬಟ್ಟೆ ಇರಲಿ. ಹೊರಗೆ ಬಂದದ್ದರ ತುದಿ ನೋಡಿ. ನನ್ನದಕ್ಕೆ ಕಬ್ಬಿಣದ ಪುಡಿ ಗಡ್ಡದ ಹಾಗೆ ಮೆತ್ತಿಕೊಂಡಿತ್ತು. ಗೇರುಗಳು ಸವೆದ ಪುಡಿಯನ್ನು ಅಯಸ್ಕಾಂತ ವರ್ಷಗಟ್ಟಲೆ ಕೂಡಿಟ್ಟುಕೊಂಡಿತ್ತು, ಪಾಪ! ಆ ಗಡ್ಡದ ನಡುವೆ ಹಲ್ಲು ಯಾವುದು, ಸಂದು ಯಾವುದು ಅಂತ ಅದಕ್ಕೆ ತಿಳಿಯಬೇಕಾದರೂ ಹೇಗೆ? ಒರೆಸಿ ನೋಡಿದೆ, ಎರಡು ದಿನ ನಡೆಯಿತು, ಮತ್ತೆ ಸತ್ತಿತು. ಹೊಸದು ಹಾಕುವಾಗ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆಗೆ, ಅಂದರೆ ಹೊಸ ಓ-ರಿಂಗಿಗೆ, ಎಣ್ಣೆ ಸವರಿ, ಕೈಯಿಂದಲೇ ಒತ್ತಿ ಕೂರಿಸಿ. ಸುತ್ತಿಗೆ ಬೇಡ. ಓರೆಯಾಗಿ ಕೂತರೆ ಹಲ್ಲಿಗೂ ತುದಿಗೂ ನಡುವಿನ ಅಂತರ ಹೆಚ್ಚಾಗುತ್ತದೆ, ದನಿ ಮತ್ತೆ ಕ್ಷೀಣಿಸುತ್ತದೆ. ಎಷ್ಟೋ ಹೊಸ ಕಾರುಗಳಲ್ಲಿ ಈ ಸೆನ್ಸರೇ ಇಲ್ಲ, ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ವ್ಯವಸ್ಥೆಗೆ ಚಕ್ರಗಳ ಬಳಿ ಇರುವ ಸೆನ್ಸರುಗಳೇ ವೇಗವನ್ನೂ ಹೇಳುತ್ತವೆ. ಅಲ್ಲಿ ಎಬಿಎಸ್ ದೀಪವೂ ಹತ್ತಿದ್ದರೆ ಚಕ್ರದ ಕಡೆ ಹುಡುಕಬೇಕು.

ಹೊಸದು ಹಾಕಿದ ಮೇಲೂ ‘ಮೊಬೈಲಿನಲ್ಲಿ 95 ಇದೆ, ಮೀಟರಿನಲ್ಲಿ 100 ಇದೆ, ಇದೂ ಡಬ್ಬಾ’ ಅನ್ನುವವರು ಇದ್ದಾರೆ. ಅದು ಕೆಟ್ಟಿಲ್ಲ. ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಜಾಸ್ತಿ ತೋರಿಸಬಹುದು, ನಿಜ ವೇಗದ ಹತ್ತನೇ ಒಂದು ಭಾಗ ಮತ್ತು 4 ಕಿಲೋಮೀಟರ್‌ವರೆಗೆ. ಅದಕ್ಕೇ ತಯಾರಕರು ಬೇಕೆಂದೇ ಸ್ವಲ್ಪ ಮೇಲೆ ಇಡುತ್ತಾರೆ. ಟೈರ್ ಸವೆದರೂ ಹಾಗೇ. ಚಕ್ರದ ಒಂದು ಸುತ್ತಿನಲ್ಲಿ ಸಾಗುವ ದೂರ ಕಡಿಮೆಯಾಗುತ್ತದೆ, ಹಲ್ಲು ಮಾತ್ರ ಅಷ್ಟೇ.

ಇನ್ನೊಂದು ಮಾತು. ಸೆನ್ಸರ್ ಸತ್ತಿದ್ದ ದಿನಗಳಲ್ಲಿ ಓಡಿಸಿದ ಕಿಲೋಮೀಟರ್ ಮೀಟರಿಗೆ ಎಂದೂ ವಾಪಸ್ ಬರುವುದಿಲ್ಲ. ಎಂಜಿನ್ ಎಣ್ಣೆಗೆ ಮಾತ್ರ ಅದು ಲೆಕ್ಕವೇ. ನಾನು ಅಂದಾಜು ಮಾಡಿ 600 ಅಂತ ಸರ್ವಿಸ್ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಿಟ್ಟಿದ್ದೇನೆ.