“ಪಾಪದ ಮಗು ಡಾಕ್ಟ್ರೇ, ಅಳುವುದೇ ಇಲ್ಲ”

ಕಳೆದ ಆಟಿಯಲ್ಲಿ (ತುಳುನಾಡಿನ ಮಳೆಗಾಲದ ತಿಂಗಳು) ಪೆರ್ಲದ ಕಡೆಯಿಂದ ಒಬ್ಬರು ಅಜ್ಜಿ 18 ದಿನದ ಮೊಮ್ಮಗಳನ್ನು ಎತ್ತಿಕೊಂಡು ಬಂದರು. ಮಗುವಿನ ಅಣ್ಣನಿಗೆ ಅಂಗನವಾಡಿಯಿಂದ ಅಂಟಿದ ಶೀತ. “ಇವಳಿಗೆ ಜ್ವರ ಇಲ್ಲ ಡಾಕ್ಟ್ರೇ. ತುಂಬಾ ಪಾಪದ್ದು, ನಿನ್ನೆಯಿಂದ ಅಳುವುದೇ ಇಲ್ಲ. ಹಾಲು ಮಾತ್ರ ಸ್ವಲ್ಪ ಕಡಿಮೆ.”

ಥರ್ಮಾಮೀಟರ್ 35.8 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಅಂಗಾಲು ತಣ್ಣಗೆ. ಅಂಗಿ ಎತ್ತಿದರೆ ಒಂದೊಂದು ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಕೂಡಲೇ ಮಂಗಳೂರಿಗೆ ಕಳುಹಿಸಿದೆ, ಆರು ದಿನ ಆಕ್ಸಿಜನ್ ಬೇಕಾಯಿತು. ಈಗ ಗೋಡೆ ಹಿಡಿದು ನಡೆಯುತ್ತಾಳೆ.

ಎಷ್ಟು ಸಲ ಹೇಳಿದರೂ ಜನ ಜ್ವರವನ್ನೇ ಕಾಯುತ್ತಾರೆ. ದಯವಿಟ್ಟು ಇದೊಂದನ್ನು ತಿಳಿದುಕೊಳ್ಳಿ. ಮೈ ಬಿಸಿ ಮಾಡುವುದು ವೈರಸ್ ಅಲ್ಲ, ವೈರಸ್ ಜೊತೆ ಹೋರಾಡುವ ನಮ್ಮದೇ ದೇಹ. ಹೋರಾಟ ಜೋರಾಗದಿದ್ದರೆ ಜ್ವರವೂ ಬಾರದೇ ಇರಬಹುದು. ಎಳೆ ಮಗುವಿನಲ್ಲಿ ರಕ್ಷಣಾ ಕಣಗಳು ಇಲ್ಲ ಅಂತಲ್ಲ, ಬೇಕಾದಷ್ಟಿವೆ. ಆದರೆ ಒಂಬತ್ತು ತಿಂಗಳು ಅಮ್ಮನ ಹೊಟ್ಟೆಯಲ್ಲಿ ಅಮ್ಮನ ಕಣಗಳ ಜೊತೆ ಜಗಳ ಮಾಡದೆ ಇರಬೇಕಿತ್ತಲ್ವಾ, ಆ ಸಮಾಧಾನ ಹುಟ್ಟಿದ ಮೇಲೂ ಸ್ವಲ್ಪ ಕಾಲ ಇರುತ್ತದೆ. ಹೊಟ್ಟೆಯೊಳಗೆ ಒಳ್ಳೆಯ ಬ್ಯಾಕ್ಟೀರಿಯಾ ನೆಲೆಯೂರಲು ಅದು ಬೇಕು ಕೂಡ. ವೈರಸ್ ಬಂದಾಗ ಮಾತ್ರ ಅದೇ ತೊಂದರೆ.

ಲಿವರ್‌ಗೆ ತಗುಲುವ ಹೆಪಟೈಟಿಸ್ ಬಿ ವೈರಸ್ ನೋಡಿ. ದೊಡ್ಡವರಿಗೆ ತಗುಲಿದರೆ 100ರಲ್ಲಿ ಸುಮಾರು 95 ಜನರ ದೇಹ ಅದನ್ನು ಓಡಿಸುತ್ತದೆ. ಹೆರಿಗೆಯಲ್ಲಿ ಅಮ್ಮನಿಂದ ದಾಟಿದರೆ, ಲಸಿಕೆ ಇಲ್ಲದಿದ್ದರೆ, 90ರಷ್ಟು ಮಕ್ಕಳಲ್ಲಿ ಅದು ಉಳಿದೇಬಿಡುತ್ತದೆ. ಹುಟ್ಟಿದ 24 ಗಂಟೆಯೊಳಗೆ ಆ ಚುಚ್ಚುಮದ್ದು ಕೊಡುವುದು ಇದಕ್ಕೇ.

ಅಮ್ಮನ ರಕ್ತದಿಂದ ರಕ್ಷಣೆ ಬಂದಿರುತ್ತದೆ, ನಿಜ. ಆದರೆ ಅಮ್ಮನ ದೇಹ ಹಿಂದೆ ಕಂಡ ಅಥವಾ ಅವಳು ಲಸಿಕೆ ಪಡೆದ ರೋಗಗಳಿಗೆ ಮಾತ್ರ, ಅದೂ ಕೆಲವು ತಿಂಗಳು. ಅದರ ಹೆಚ್ಚಿನ ಪಾಲು ದಾಟುವುದು ಬಸುರಿನ ಕೊನೆಯ ಮೂರು ತಿಂಗಳಲ್ಲಿ, ಹಾಗಾಗಿ ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಇನ್ನೂ ಕಡಿಮೆ.

ಎಲ್ಲ ಶೀತವೂ ಹೀಗೆ ಏರುವುದಿಲ್ಲ, ಹೆದರಿಸಲು ಬರೆಯುತ್ತಿಲ್ಲ. ಆದರೆ ಎರಡು ತಿಂಗಳೊಳಗಿನ ಮಗು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಮೈ ತಣ್ಣಗಾದರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಜಾಸ್ತಿ ಉಸಿರಾಡಿದರೆ ಬೆಳಗಾಗಲಿ ಎಂದು ಕಾಯಬೇಡಿ. ಒಂದು ನಿಮಿಷ ಪೂರ್ತಿ ಎಣಿಸಿ, ಅರ್ಧ ಎಣಿಸಿ ಎರಡರಿಂದ ಗುಣಿಸಬೇಡಿ, ಎಳೆಯರ ಉಸಿರಿಗೆ ಒಂದೇ ತಾಳ ಇರುವುದಿಲ್ಲ. ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೂ ಅಷ್ಟೇ, ಮನೆಯಲ್ಲಿದ್ದ ಸಿರಪ್ ಕೊಟ್ಟು ಮಲಗಿಸದೆ ಆ ರಾತ್ರಿಯೇ ಬನ್ನಿ.

ತೊಟ್ಟಿಲಿಗೆ ಹಾಕುವ ದಿನ ಮೂಗು ಸೋರಿಸಿಕೊಂಡು ಬಂದ ನೆಂಟರಿಗೆ ಮಗುವನ್ನು ದೂರದಿಂದ ತೋರಿಸಿ. ಬೇಸರ ಮಾಡಿಕೊಂಡರೆ ಡಾಕ್ಟ್ರು ಬೈಯುತ್ತಾರೆ ಅಂತ ನನ್ನ ಮೇಲೆ ಹಾಕಿ. ಬಾಣಂತಿಗೇ ಶೀತ ಆದರೆ? ಹಾಲು ನಿಲ್ಲಿಸಬೇಡಿ. ಅವಳ ದೇಹ ಆ ಶೀತಕ್ಕೆ ತಯಾರಿಸುವ ಮದ್ದು ಹಾಲಿನಲ್ಲೇ ಮಗುವಿಗೆ ಹೋಗುತ್ತದೆ. ಕೈ ಸೋಪಿನಲ್ಲಿ ತೊಳೆದು, ಮಾಸ್ಕ್ ಹಾಕಿಕೊಂಡು ಕುಡಿಸಲಿ.