ಲಿಂಕ್ ಅಂಟಿಸಿದರೆ ಆಕರ ಕೊಟ್ಟ ಹಾಗಾಗುವುದಿಲ್ಲ

ಪ್ರಬಂಧದ ಕೊನೆಯ ಪುಟದಲ್ಲಿ ‘ಯೂಟ್ಯೂಬ್’ ಅಂತ ಬರೆದು, ಅದರ ಕೆಳಗೆ ನಾಲ್ಕು ಲಿಂಕ್ ಅಂಟಿಸಿ ತರುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಹಾಸನದ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕ. ಎಂಎ ಪ್ರಬಂಧಗಳೂ ಪಿಎಚ್‌ಡಿ ಕರಡುಗಳೂ ಬೈಂಡಿಂಗ್‌ಗೆ ಹೋಗುವ ಮುಂಚೆ ನನ್ನ ಮೇಜಿಗೆ ಬರುತ್ತವೆ. ಪುಸ್ತಕಕ್ಕೆ ಲೇಖಕರು, ಪ್ರಕಾಶಕರು, ವರ್ಷ, ಪುಟ ಎಲ್ಲ ಅಚ್ಚುಕಟ್ಟಾಗಿ ಬರೆಯುವ ಮಕ್ಕಳೇ ಸಿನಿಮಾ ಅಂದ ಕೂಡಲೇ ಕೈಚೆಲ್ಲುತ್ತಾರೆ. ಕೇಳಿದರೆ, “ಲಿಂಕ್ ಕೊಟ್ಟಿದ್ದೀನಲ್ಲ ಸರ್, ಒತ್ತಿದರೆ ಬರುತ್ತೆ” ಅನ್ನುತ್ತಾರೆ.

ಆಕರ ಬರೆಯುವ ಪದ್ಧತಿಗಳಲ್ಲಿ ಎಪಿಎ ಬೇಕೋ ಎಂಎಲ್‌ಎ ಬೇಕೋ ಅಂತ ನಿಮ್ಮ ಗೈಡ್ ಹೇಳುತ್ತಾರೆ. ಎಲ್ಲಿ ಚುಕ್ಕಿ, ಎಲ್ಲಿ ಕಾಮಾ ಅನ್ನುವುದಕ್ಕೆ ಕೈಪಿಡಿ ಇದೆ. ನಾನು ಮತ್ತೆ ಮತ್ತೆ ಹೇಳಬೇಕಾಗಿ ಬರುವುದು ಒಂದೇ ಮಾತು. ಸಿನಿಮಾ ಮಾಡಿದವರು ಬೇರೆ. ಅದನ್ನು ಚಾನೆಲ್‌ಗೆ ಏರಿಸಿದವರು ಬೇರೆ. ನೀವು ಕೂತು ನೋಡಿದ ಪ್ರತಿ ಇನ್ನೂ ಬೇರೆ. ಓದುವವರಿಗೆ ಈ ಮೂರೂ ಬಿಡಿಬಿಡಿಯಾಗಿ ಗೊತ್ತಾಗಬೇಕು.

ಮೂಡಿಗೆರೆ ಕಡೆಯ ಹುಡುಗಿಯೊಬ್ಬಳು ‘ತಬರನ ಕಥೆ’ ಸಿನಿಮಾದ ಮೇಲೆ ಬರೆದಿದ್ದಳು. ಪಿಂಚಣಿಗಾಗಿ ಅಲೆದು ಅಲೆದು ಸೋಲುವ ತಬರನ ಬಗ್ಗೆ ಅವಳ ಪುಟಗಳು ನಿಜಕ್ಕೂ ಚೆನ್ನಾಗಿದ್ದವು. ಓದುತ್ತಾ ನನಗೆ ಹೊಟ್ಟೆ ಚುರ್ ಅಂದಿತು. ಆದರೆ ಆಕರಪಟ್ಟಿಯಲ್ಲಿ ಮೊದಲು ತೇಜಸ್ವಿ, ಆಮೇಲೆ ಯಾವುದೋ ಚಾನೆಲ್, ಆಮೇಲೆ ಆ ಚಾನೆಲ್‌ನವರು ವಿಡಿಯೊ ಹಾಕಿದ ವರ್ಷ. ಗಿರೀಶ್ ಕಾಸರವಳ್ಳಿ ಹೆಸರೇ ಇಲ್ಲ.

“ನಿರ್ದೇಶಕರು ಎಲ್ಲಮ್ಮ?”

“ತೇಜಸ್ವಿಯವರ ಕಥೆ ಅಲ್ವಾ ಸರ್?”

ಕಥೆ ಅವರದೇ, ಸಂಶಯವಿಲ್ಲ. ಆದರೆ ಅವಳು ಬರೆದಿದ್ದು ಕ್ಯಾಮೆರಾ ಎಲ್ಲಿ ನಿಂತಿದೆ, ತಬರನಾಗಿ ನಟಿಸಿದ ಚಾರುಹಾಸನ್ ಯಾವಾಗ ಮಾತು ನಿಲ್ಲಿಸುತ್ತಾರೆ ಅನ್ನುವುದನ್ನು. ಅದು ಕಾಸರವಳ್ಳಿಯವರ ಕೆಲಸ. ಮೂಲಕಥೆಯ ಸಾಲು ಎತ್ತಿಕೊಂಡರೆ ಪುಸ್ತಕವನ್ನು ಹೆಸರಿಸಿ, ದೃಶ್ಯ ಎತ್ತಿಕೊಂಡರೆ ಸಿನಿಮಾವನ್ನು ಹೆಸರಿಸಿ. ಎರಡೂ ಇದ್ದರೆ ಪಟ್ಟಿಯಲ್ಲಿ ಎರಡು ನಮೂದು ಬರಬೇಕು.

ವರ್ಷದ ಗೊಂದಲವೂ ಇದೆ. ಈ ಚಿತ್ರಕ್ಕೆ ಸಿಕ್ಕಿದ್ದು 1986ನೇ ಸಾಲಿನ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿ. ಕೆಲವು ಪಟ್ಟಿಗಳಲ್ಲಿ ಮಾತ್ರ 1987 ಅಂತ ಕಾಣುತ್ತದೆ. ಸೆನ್ಸಾರ್ ಆದ ವರ್ಷ ಒಂದು, ತೆರೆಗೆ ಬಂದ ವರ್ಷ ಇನ್ನೊಂದು ಆಗುವುದು ನಮ್ಮಲ್ಲಿ ಮಾಮೂಲು. ಚಿತ್ರ ಶುರುವಾಗುವಾಗ ಬರುವ ಸೆನ್ಸಾರ್ ಸರ್ಟಿಫಿಕೇಟನ್ನು ನಿಲ್ಲಿಸಿ ಓದಿ. ತಾರೀಕು, ಭಾಷೆ, ಚಿತ್ರದ ಉದ್ದ ಅಲ್ಲೇ ಸಿಗುತ್ತವೆ. ಚಾನೆಲ್ ಪ್ರತಿಯಲ್ಲಿ ಎಷ್ಟೋ ಸಲ ಅದನ್ನೇ ಕತ್ತರಿಸಿರುತ್ತಾರೆ. ಆಗ ಯಾವ ವರ್ಷವನ್ನು ಯಾಕೆ ಆರಿಸಿಕೊಂಡಿರಿ ಅಂತ ಅಡಿಟಿಪ್ಪಣಿಯಲ್ಲಿ ಒಂದು ಸಾಲು ಬರೆದರೆ ಸಾಕು. ಭಾಷೆಯನ್ನೂ ಹೇಳಿ. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ಯನ್ನು ಗಿರೀಶ್ ಕಾರ್ನಾಡ್ ಮತ್ತು ಬಿ.ವಿ. ಕಾರಂತರು ಕನ್ನಡದಲ್ಲೂ ಮಾಡಿದರು, ‘ಗೋಧೂಳಿ’ ಅಂತ ಹಿಂದಿಯಲ್ಲೂ ಮಾಡಿದರು. ಹಿಂದಿಯದನ್ನು ನೋಡಿ ಕನ್ನಡದ ಹೆಸರು ಹಾಕುವುದು ತಪ್ಪು.

ಇನ್ನು ಪ್ರತಿಯ ವಿಷಯ. ಇದನ್ನು ಹೇಳುವಾಗಲೇ ನನ್ನ ತಾಳ್ಮೆ ತಪ್ಪುವುದು, ಯಾಕೆಂದರೆ “ಸಿನಿಮಾ ಒಂದೇ ತಾನೇ ಸರ್” ಅನ್ನುತ್ತಾರೆ. ಒಂದೇ ಅಲ್ಲ. ರೀಲಿನ ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ನಮ್ಮ ಹಳೆಯ ಟೀವಿ ಪದ್ಧತಿಯಲ್ಲಿ 25. ಹಳೆಯ ಚಿತ್ರಗಳನ್ನು ಟೀವಿಗೋ ವಿಸಿಡಿಗೋ ಇಳಿಸುವಾಗ ಎಷ್ಟೋ ಸಲ ಅದೇ ಫ್ರೇಮುಗಳನ್ನು ಸ್ವಲ್ಪ ಬೇಗ ಓಡಿಸುತ್ತಿದ್ದರು. ಹಾಗಾದಾಗ 100 ನಿಮಿಷದ ಚಿತ್ರ 96 ನಿಮಿಷಕ್ಕೆ ಮುಗಿಯುತ್ತದೆ. 50ನೇ ನಿಮಿಷದ ದೃಶ್ಯ 48ಕ್ಕೇ ಬಂದು ಹೋಗುತ್ತದೆ. ಅದರ ಮೇಲೆ ಚಾನೆಲ್‌ನವರು ಮುಂದೆ ತಮ್ಮ ಲೋಗೋ ಸೇರಿಸುತ್ತಾರೆ, ಒಂದು ಹಾಡು ತೆಗೆಯುತ್ತಾರೆ, ಕಾಪಿರೈಟ್‌ಗೆ ಸಿಕ್ಕಿಬೀಳದಿರಲು ವೇಗ ಬದಲಿಸುವವರೂ ಇದ್ದಾರೆ. ಎಲ್ಲ ಪ್ರತಿಯೂ ಹೀಗೇ ಅಂತ ನಾನು ಹೇಳುತ್ತಿಲ್ಲ. ಆದರೆ ಯಾವ ಪ್ರತಿ ಅಂತ ಹೇಳದೆ ನಿಮಿಷ ಕೊಟ್ಟರೆ, ಯಾವ ಮುದ್ರಣ ಅಂತ ಹೇಳದೆ ಪುಟಸಂಖ್ಯೆ ಕೊಟ್ಟ ಹಾಗೆ. ನಿಮಿಷವನ್ನಂತೂ ಕೊಡಲೇಬೇಕು. ಎಪಿಎ ಪ್ರಕಾರ ಉಲ್ಲೇಖ ಶುರುವಾಗುವ ನಿಮಿಷ, ಸೆಕೆಂಡ್ ಸಾಕು. ಎಂಎಲ್‌ಎಯಲ್ಲಿ ಎಲ್ಲಿಂದ ಎಲ್ಲಿಯವರೆಗೆ ಅಂತ ಬರೆಯುತ್ತಾರೆ.

ಇಲ್ಲಿ ಒಂದು ತೊಡಕಿದೆ, ಮಕ್ಕಳನ್ನು ಸುಮ್ನೆ ಬೈದರೆ ಪ್ರಯೋಜನವಿಲ್ಲ. ಎಪಿಎ 7ನೇ ಆವೃತ್ತಿಯಲ್ಲಿ ಸಿನಿಮಾ ಆದರೆ ನಿರ್ದೇಶಕರ ಹೆಸರು ಮೊದಲು. ಯೂಟ್ಯೂಬ್ ವಿಡಿಯೊ ಆದರೆ ಏರಿಸಿದವರ ಹೆಸರೇ ಲೇಖಕರ ಜಾಗಕ್ಕೆ ಬರುತ್ತದೆ, ಅವರು ಅದನ್ನು ಮಾಡಿರದಿದ್ದರೂ ಸರಿ. ಹುಡುಕಲು ಸುಲಭವಾಗಲಿ ಅಂತ ಆ ನಿಯಮ. ಎಂಎಲ್‌ಎಯಲ್ಲಿ ಕೃತಿಯ ವಿವರ ಮೊದಲು, ಏರಿಸಿದವರ ಹೆಸರು ಆಮೇಲೆ. ಹಾಗಾದರೆ ಯೂಟ್ಯೂಬಿನಲ್ಲಿ ನೋಡಿದ ಇಡೀ ಸಿನಿಮಾ ಸಿನಿಮಾವೋ ವಿಡಿಯೊವೋ? ನನ್ನ ಅಭಿಪ್ರಾಯದಲ್ಲಿ ಅದು ಸಿನಿಮಾ. ನಿರ್ದೇಶಕರ ಹೆಸರಲ್ಲೇ ಪಟ್ಟಿಗೆ ಸೇರಿಸಿ, ನೋಡಿದ ಪ್ರತಿಯ ವಿವರ ಅಡಿಟಿಪ್ಪಣಿಗೆ ಹಾಕಿ. ಸಾಹಿತಿಯೊಬ್ಬರ ಸಂದರ್ಶನ, ಉಪನ್ಯಾಸ ಇಂಥವನ್ನು ವಿಡಿಯೊ ಅಂತ ಕೊಡಿ, ಮಾತಾಡಿದವರು ಯಾರು ಅಂತ ನಿಮ್ಮ ವಾಕ್ಯದೊಳಗೇ ಹೇಳಿ. ಕದ್ದು ಏರಿಸಿದ ಪ್ರತಿ ಅಂತ ಅನುಮಾನ ಬಂದರೆ ಲಿಂಕ್ ಹಾಕುವ ಮುಂಚೆ ಗೈಡ್ ಹತ್ತಿರ ಕೇಳಿ. ವಿಶ್ವವಿದ್ಯಾಲಯದ ನಿಯಮ ಬೇರೆ ಇದ್ದರೆ ನನ್ನ ಮಾತು ಬಿಟ್ಟು ಅದನ್ನೇ ಪಾಲಿಸಿ.

ತಾನಾಗಿ ಮೂಡುವ ಸಬ್‌ಟೈಟಲ್‌ನಿಂದ ಸಂಭಾಷಣೆ ನಕಲು ಮಾಡಬೇಡಿ. ಕಿವಿಯಿಂದ ಕೇಳಿ ಬರೆದುಕೊಳ್ಳಿ. ಶೇರ್ ಒತ್ತಿ ತೆಗೆದ ಲಿಂಕಿನ ಬಾಲದಲ್ಲಿ ‘ಎಸ್‌ಐ’ (si) ಅಂತ ಶುರುವಾಗುವ ತುಂಡು ಇರುತ್ತದೆ, ಅದನ್ನು ಅಳಿಸಿದರೂ ವಿಡಿಯೊ ತೆರೆಯುತ್ತದೆ.

ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಅನ್ನುವ ಆನ್‌ಲೈನ್ ಪ್ರಬಂಧ ಸಂಗ್ರಹಕ್ಕೆ ಹೋಗುತ್ತವೆ. ಇನ್ನು ಹತ್ತು ವರ್ಷ ಬಿಟ್ಟು ಯಾರೋ ತೆರೆದು ನಿಮ್ಮ ಲಿಂಕ್ ಒತ್ತಿದಾಗ ‘ಈ ವಿಡಿಯೊ ಲಭ್ಯವಿಲ್ಲ’ ಅಂತ ಬರಬಹುದು. ಶೀರ್ಷಿಕೆ, ನಿರ್ದೇಶಕರು, ವರ್ಷ, ನಿರ್ಮಾಣ ಸಂಸ್ಥೆ ಇದ್ದರೆ ಅವರು ಬೇರೆ ಪ್ರತಿ ಹುಡುಕಿಕೊಳ್ಳುತ್ತಾರೆ. ಬರೀ ಲಿಂಕ್ ಇದ್ದರೆ ಅಲ್ಲಿಗೆ ದಾರಿ ಮುಗಿಯಿತು. ಹಾಗಾಗಿ ನೋಡಿದ ದಿನವೇ ತಾರೀಕು, ಚಾನೆಲ್, ಒಟ್ಟು ಅವಧಿ ಮೂರನ್ನೂ ಬರೆದಿಟ್ಟುಕೊಳ್ಳಿ. ಬೈಂಡಿಂಗ್‌ಗೆ ಕೊಡುವ ಹಿಂದಿನ ದಿನ ಪ್ರತಿಯೊಂದು ಲಿಂಕನ್ನೂ ಒಮ್ಮೆ ತೆರೆದು ನೋಡಿ. ಅಷ್ಟರಲ್ಲೇ ಮಾಯವಾಗಿದ್ದರೆ ನಮೂದನ್ನು ಕಿತ್ತುಹಾಕಬೇಡಿ. ಇಂಥ ದಿನ ನೋಡಿದ್ದೆ, ಈಗ ಸಿಗುತ್ತಿಲ್ಲ ಅಂತ ಬರೆದು ಹಾಗೇ ಬಿಡಿ.