43 ಮೀಟರಿನ ತಕರಾರು

ಇಂಗ್ಲೆಂಡಿನ ಹಳ್ಳಿಯೊಂದರ ಅಂಚಿನ ಹೊಲದಲ್ಲಿ ಐವತ್ತು ಮನೆ ಏಳುತ್ತವಂತೆ ಅನ್ನೋ ಸುದ್ದಿ ಬಂದರೆ ಸಾಕು, ಕೌನ್ಸಿಲ್‌ಗೆ ಪತ್ರಗಳ ಸುರಿಮಳೆ. ರಸ್ತೆ ಕಿರಿದು, ಫುಟ್‌ಪಾತ್ ಇಲ್ಲ, ಮಕ್ಕಳು ನಡೆಯೋದು ಹೇಗೆ? ಗೋಳು ನಿಜವೇ. ಆದರೂ ಎಷ್ಟೋ ಸಲ ಮನೆಗಳಿಗೆ ಒಪ್ಪಿಗೆ ಸಿಕ್ಕಿಬಿಡುತ್ತದೆ.

ಸ್ವಂತ ಜಮೀನಿನಲ್ಲಿ ಕಟ್ಟಲೂ ಅನುಮತಿ ಬೇಕು ಎಂದದ್ದು 1947ರ ಕಾಯ್ದೆ. ಆಗ ಅದು ಹೆಚ್ಚಾಗಿ ಅರ್ಜಿದಾರನಿಗೂ ಕೌನ್ಸಿಲ್‌ಗೂ ನಡುವಿನ ವ್ಯವಹಾರ. ಯೋಜನೆ ಮಾಡುವಾಗ ಜನರನ್ನೂ ಕೇಳಿ ಎಂದು 1969ರಲ್ಲಿ ಸ್ಕೆಫಿಂಗ್ಟನ್ ಸಮಿತಿ ವರದಿ ಕೊಟ್ಟಿತು. ನೋಟಿಸ್ ಅಂಟಿಸುವುದು, 21 ದಿನ ಆಕ್ಷೇಪಣೆಗೆ ಬಿಡುವುದು, ಇವೆಲ್ಲ ಒಂದೊಂದಾಗಿ ರೂಢಿಗೆ ಬಂದವು. ಆದರೆ ಎಲ್ಲ ಮಾತಿಗೂ ಒಂದೇ ತೂಕವಿಲ್ಲ. ಮನೆಯ ಬೆಲೆ ಇಳಿಯುತ್ತದೆ, ಕಿಟಕಿಯ ನೋಟ ಹಾಳಾಗುತ್ತದೆ ಎಂದರೆ ಲೆಕ್ಕಕ್ಕಿಲ್ಲ. ರಸ್ತೆ ಸುರಕ್ಷತೆ ಲೆಕ್ಕಕ್ಕುಂಟು.

ಅದಕ್ಕೂ ಒಂದು ಕೊಕ್ಕೆ ಬಿತ್ತು. ಸಂಚಾರದ ಕಾರಣಕ್ಕೆ ಅರ್ಜಿ ತಿರಸ್ಕರಿಸಬೇಕಾದರೆ ಪರಿಣಾಮ 'ತೀವ್ರ'ವಾಗಿರಬೇಕು ಎಂದಿತು 2012ರ ರಾಷ್ಟ್ರೀಯ ನೀತಿ. ಹಾಗಾದರೆ ಅಪಾಯವೂ 'ತೀವ್ರ' ಆಗುವವರೆಗೆ ಕಾಯಬೇಕಾ? ಈ ಜಗ್ಗಾಟ ವರ್ಷಗಟ್ಟಲೆ ನಡೆಯಿತು. 2018ರ ಪರಿಷ್ಕರಣೆ ಎರಡನ್ನೂ ಬಿಡಿಸಿಟ್ಟಿತು: ದಟ್ಟಣೆಗೆ 'ತೀವ್ರ' ಅನ್ನುವ ಅಳತೆ, ಸುರಕ್ಷತೆಗೆ 'ಒಪ್ಪಲಾಗದ ಪರಿಣಾಮ' ಅಷ್ಟೇ ಸಾಕು. ನನ್ನ ಮಟ್ಟಿಗೆ ಹಳ್ಳಿಯವರಿಗೆ ಸಿಕ್ಕ ದೊಡ್ಡ ಹಿಡಿ ಇದು. ಆದರೂ ಜನ ಈಗಲೂ ಟ್ರಾಫಿಕ್ ಜಾಸ್ತಿಯಾಗುತ್ತದೆ ಅಂತಲೇ ಬರೆಯುತ್ತಾರೆ.

ಬರೆಯಬೇಕಾದ್ದು ಬೇರೆ. 2007ರ ರಸ್ತೆ ವಿನ್ಯಾಸ ಕೈಪಿಡಿಯ ಪ್ರಕಾರ, ಗಂಟೆಗೆ 30 ಮೈಲಿ ವೇಗದ ರಸ್ತೆಗೆ ಹೊಸ ದಾರಿ ಕೂಡುವಲ್ಲಿ ಎರಡೂ ಕಡೆ 43 ಮೀಟರ್ ದೂರದವರೆಗೆ ರಸ್ತೆ ಕಾಣಬೇಕು. ಬೋರ್ಡಿನಲ್ಲಿ 30 ಎಂದಿದ್ದು ಗಾಡಿಗಳು 37ರಲ್ಲಿ ಓಡುತ್ತಿದ್ದರೆ? ಆಗ 59 ಮೀಟರ್ ಬೇಕು. ಆದ್ದರಿಂದ ಬೋರ್ಡು ನೋಡದೆ ಓಡುವ ವೇಗವನ್ನೇ ಅಳೆಯಿರಿ ಎಂದು ಕೇಳಬಹುದು. ಬೇಲಿಯನ್ನೂ ಗಮನಿಸಿ. ನಕ್ಷೆಯವರು ಬಂದದ್ದು ಎಲೆಯುದುರಿದ ಜನವರಿಯಲ್ಲಾದರೆ, ಜೂನ್‌ನಲ್ಲಿ ಅದೇ ಬೇಲಿ ಮೈತುಂಬಿಕೊಂಡು ರಸ್ತೆಯತ್ತ ಚಾಚಿರುತ್ತದೆ. ಎರಡು ಕಾಲದ ಎರಡು ಫೋಟೋ ತೆಗೆದು, ರಸ್ತೆ ಎಷ್ಟು ದೂರ ಕಾಣುತ್ತದೆ ಎಂದು ಬರೆದಿಟ್ಟರೆ ಸಾಕು, ನೂರು ಸಹಿಗಿಂತ ಗಟ್ಟಿ.

'ಇಲ್ಲಿ ಅಪಘಾತವೇ ಆಗಿಲ್ಲ' ಅನ್ನೋ ಉತ್ತರ ಬಂದೇ ಬರುತ್ತದೆ. ಪೊಲೀಸ್ ಅಂಕಿಅಂಶಕ್ಕೆ ಸೇರುವುದು ಗಾಯವಾದ ಅಪಘಾತ ಮಾತ್ರ. ಕೂದಲೆಳೆಯಲ್ಲಿ ತಪ್ಪಿದ್ದು ಸೇರೋದಿಲ್ಲ. ಹೆದರಿ ಯಾರೂ ನಡೆಯದ ರಸ್ತೆಯಲ್ಲಿ ಪಾದಚಾರಿಗೆ ಗಾಯವಾಗುವುದಾದರೂ ಹೇಗೆ, ಅಲ್ವಾ?

ಸುಮ್ನೆ ಬೇಡ ಅನ್ನೋದಕ್ಕಿಂತ 'ಇದು ಮೊದಲು ಆಗಲಿ' ಅನ್ನುವ ದಾರಿಯೂ ಇದೆ. ಅದನ್ನು ಗಟ್ಟಿ ಮಾಡಿದ್ದು 1980ರ ದಶಕದ ಸ್ಕಾಟ್ಲೆಂಡಿನ ಒಂದು ವ್ಯಾಜ್ಯ. ಅಬರ್ಡೀನ್‌ನಲ್ಲಿ ಕಟ್ಟಲು ಹೊರಟ ಕೈಗಾರಿಕಾ ಬಡಾವಣೆಯೊಂದರಿಂದ ಜಂಕ್ಷನ್ನಿನಲ್ಲಿ ಅಪಾಯವಾಗುವಂತಿತ್ತು. ರಸ್ತೆಯ ಒಂದು ಭಾಗ ಮುಚ್ಚುವವರೆಗೆ ಕೆಲಸ ಶುರು ಮಾಡಬಾರದು ಎಂಬ ಷರತ್ತು ಹಾಕಬಹುದು ಎಂದಿತು ಆಗ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್. ಆ ವ್ಯಾಜ್ಯದಲ್ಲಿದ್ದ ಗ್ರಾಂಪಿಯನ್ ಪ್ರಾದೇಶಿಕ ಕೌನ್ಸಿಲ್‌ನಿಂದಾಗಿ ಇಂಥದ್ದಕ್ಕೆ ಇವತ್ತೂ 'ಗ್ರಾಂಪಿಯನ್ ಷರತ್ತು' ಎಂದೇ ಹೆಸರು. 'ಫುಟ್‌ಪಾತ್ ಮುಗಿಯದೆ ಮೊದಲ ಮನೆಗೆ ಯಾರೂ ಕಾಲಿಡಬಾರದು' ಎಂದು ಕೇಳುವುದು ಇದೇ ಜಾಡು.

ಕೇಳುವ ಮುಂಚೆ ಒಂದು ಕೆಲಸವಿದೆ. ಆ ಫುಟ್‌ಪಾತ್ ಹಾದು ಹೋಗುವ ಜಾಗ ಯಾರದ್ದು ಎಂದು ನೋಡಿಕೊಳ್ಳಬೇಕು. ಮಧ್ಯದಲ್ಲಿ ಯಾರದೋ ಕೈತೋಟ ಬಂದು ಅವರು ಕೊಡಲ್ಲ ಎಂದರೆ, ನಕ್ಷೆಯ ಮೇಲಿನ ಗೆರೆ ಗೆರೆಯಾಗಿಯೇ ಉಳಿಯುತ್ತದೆ.